ಚಾಪರೋನ್ ಪ್ರೋಟೀನ್ "ಎಬ್ಬಿಸುವ" ಪುಡಿ ಅಂತೆ, ಅಪ್ಪನ ಪಾರ್ಕಿನ್ಸನ್‌ಗೆ ಕೊಡಬಹುದಾ?

ಕಬ್ಬಿನಗದ್ದೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಓದಿದವನು, ಬಯಾಲಜಿ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳಿ.

ಅಪ್ಪನಿಗೆ 68 ವರ್ಷ, ಪಾರ್ಕಿನ್ಸನ್ ಇದೆ. ಮೈಸೂರಿನಲ್ಲಿ ನರರೋಗದ ಡಾಕ್ಟರಿಗೆ ತೋರಿಸುತ್ತಿದ್ದೇವೆ. ಲೆವೊಡೋಪಾ ಮಾತ್ರೆ ದಿನಕ್ಕೆ ಮೂರು ಹೊತ್ತು ನಡೆಯುತ್ತಿದೆ. ಮೊನ್ನೆ ಹಬ್ಬಕ್ಕೆ ಬಂದ ಸೋದರಮಾವ ಒಂದು ಪುಡಿ ಡಬ್ಬ ತಂದುಕೊಟ್ಟರು. ಜೊತೆಗೆ ಒಂದು ಬಣ್ಣದ ಕಾಗದ. ಅದರಲ್ಲಿ, ದೇಹದಲ್ಲಿ ಮಲಗಿರುವ ಚಾಪರೋನ್ ಪ್ರೋಟೀನುಗಳನ್ನು ಈ ಪುಡಿ ಎಬ್ಬಿಸುತ್ತದೆ, ಅವು ಮಿದುಳಿನಲ್ಲಿ ಸೇರಿಕೊಂಡ ಕಸ ತೆಗೆಯುತ್ತವೆ ಅಂತ ಬರೆದಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಾಲಿಗೆ ಎರಡು ಚಮಚ ಹಾಕಿ ಕುಡಿಯಬೇಕಂತೆ. ಅದಾದ ಮೇಲೆ ತಡೆಯುವಷ್ಟು ಬಿಸಿ ನೀರಲ್ಲಿ ಸ್ನಾನ, ಹಾಗೆ ಮಾಡಿದರೆ ಹೀಟ್ ಶಾಕ್ ಪ್ರೋಟೀನ್ ಬರುತ್ತದಂತೆ.

ಇದು ಪೂರ್ತಿ ಬೊಗಳೆ ಅಂತ ಬಿಸಾಡುತ್ತಿದ್ದೆ. ಆದರೆ ನನಗೇ ಗೊತ್ತಿಲ್ಲದ ಹಾಗೆ ಅಪ್ಪ ಶುರು ಮಾಡಿಬಿಟ್ಟಿದ್ದರು, ಮತ್ತು ನಿಜ ಹೇಳಬೇಕೆಂದರೆ ಚುರುಕಾದ ಹಾಗೂ ಕಾಣುತ್ತಿದ್ದಾರೆ. ಅಂಗಿ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ, ಗೇಟಿನ ತನಕ ಕಾಲು ಎಳೆಯದೆ ನಡೆದು ಪೇಪರ್ ತರುತ್ತಾರೆ. ಆದರೆ ಒಂಬತ್ತು, ಒಂಬತ್ತೂವರೆ ಹೊತ್ತಿಗೆ ಕುತ್ತಿಗೆ ಮತ್ತು ಎಡಗೈ ತಾವಾಗಿಯೇ ಓಲಾಡುತ್ತವೆ, ಹಾವು ಹರಿದ ಹಾಗೆ. ಅದು ಅವರ ಹಳೆಯ ನಡುಕ ಅಲ್ಲ, ಬೇರೆ ಥರ. ಮಾವನನ್ನು ಕೇಳಿದರೆ "ವಿಷ ಹೊರಗೆ ಹೋಗುತ್ತಿದೆ, ಬಿಡಬೇಡಿ" ಅಂತಾರೆ.

ಚಾಪರೋನ್ ಅನ್ನೋದು ನಿಜವಾಗಿ ಇದೆಯಾ, ಅದಕ್ಕೂ ಪಾರ್ಕಿನ್ಸನ್‌ಗೂ ಸಂಬಂಧ ಇದೆಯಾ, ಪುಡಿ ಮುಂದುವರಿಸಬಹುದಾ? ತಿಳಿದವರು ಹೇಳಿ.

—

ಪಿಪೆಟ್ (ಮೈಸೂರು)

ಮಾನಸಗಂಗೋತ್ರಿಯಲ್ಲಿ ಬಯೋಕೆಮಿಸ್ಟ್ರಿ ಓದಿ ಈಗ ಅದನ್ನೇ ಪಾಠ ಮಾಡುತ್ತಿದ್ದೇನೆ, ಡಾಕ್ಟರ್ ಅಲ್ಲ. ಚಾಪರೋನ್ ಬಗ್ಗೆ ಹೇಳುತ್ತೇನೆ, ಪುಡಿ ಬಗ್ಗೆ ಔಷಧಿ ಗೊತ್ತಿರುವವರು ಹೇಳಲಿ. ಆ ಕುತ್ತಿಗೆ ಓಲಾಡುವ ವಿಷಯ ಮಾತ್ರ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ, ಈ ಚರ್ಚೆ ಮುಗಿಯಲಿ ಅಂತ ಕಾಯಬೇಡಿ.

ಚಾಪರೋನ್ ಇರುವುದು ನೂರಕ್ಕೆ ನೂರು ನಿಜ. ಪುಡಿ ಮಾರುವವರು ನಿಜವಾದ ವಿಜ್ಞಾನದ ಒಂದು ತುಂಡು ಕಿತ್ತುಕೊಂಡು ಡಬ್ಬಕ್ಕೆ ಅಂಟಿಸಿದ್ದಾರೆ, ಅಷ್ಟೇ.

ನಮ್ಮ ಜೀವಕೋಶದಲ್ಲಿ ಪ್ರೋಟೀನ್ ಮೊದಲು ಒಂದು ಉದ್ದ ದಾರವಾಗಿ ತಯಾರಾಗುತ್ತದೆ. ಅಮೈನೋ ಆಮ್ಲಗಳನ್ನು ಒಂದರ ಹಿಂದೆ ಒಂದು ಪೋಣಿಸಿದ ದಾರ. ಅದು ತನಗೆ ಸರಿಯಾದ ಆಕಾರಕ್ಕೆ ಮಡಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಹೇಗೆ ಮಡಚಿಕೊಳ್ಳಬೇಕು ಅನ್ನೋದು ಆ ಪೋಣಿಸಿದ ಕ್ರಮದಲ್ಲೇ ಅಡಗಿದೆ ಅಂತ ತೋರಿಸಿದವರು ಕ್ರಿಶ್ಚಿಯನ್ ಆನ್‌ಫಿನ್ಸೆನ್, 1972ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅವರು ಪ್ರಯೋಗ ಮಾಡಿದ್ದು ತೆಳುವಾದ ದ್ರಾವಣದಲ್ಲಿ, ಅಲ್ಲಿ ಒಂದಕ್ಕೊಂದು ತಾಗುವ ಸಂದರ್ಭವೇ ಕಡಿಮೆ. ಜೀವಕೋಶದ ಒಳಗೆ ಹಾಗಲ್ಲ. ಬ್ಯಾಕ್ಟೀರಿಯಾದ ಒಳಗಿನ ರಸದಲ್ಲಿ ಲೀಟರಿಗೆ ಸುಮಾರು 300 ಗ್ರಾಂ ಪ್ರೋಟೀನು ಮತ್ತು ಅಂಥವೇ ದೊಡ್ಡ ಅಣುಗಳು ತುಂಬಿರುತ್ತವೆ. ಜಂಬೂಸವಾರಿ ದಿನ ಕೆ.ಆರ್. ಸರ್ಕಲ್ ಮಧ್ಯೆ ನಿಂತು ಒಬ್ಬರೇ ಒಂಬತ್ತು ಗಜದ ಸೀರೆ ಮಡಿಸಿ ನೋಡಿ, ಆಗ ಕಷ್ಟ ಗೊತ್ತಾಗುತ್ತದೆ. ದಾರದ ಕೆಲವು ಭಾಗಗಳಿಗೆ ನೀರು ಅಂದರೆ ಆಗದು, ಅವು ಒಳಗೆ ಮುಚ್ಚಿಕೊಳ್ಳಬೇಕು. ಮಡಚಿಕೊಳ್ಳುವ ಮೊದಲೇ ಅವು ಪಕ್ಕದ ಪ್ರೋಟೀನಿನ ಅಂಥದೇ ಭಾಗಕ್ಕೆ ಅಂಟಿಕೊಂಡರೆ ಎರಡೂ ಹಾಳು. ಮೊಟ್ಟೆ ಬೇಯಿಸಿದಾಗ ಬಿಳಿ ಗಟ್ಟಿಯಾಗುತ್ತದಲ್ಲ, ಅಲ್ಲಿ ಆಗುವುದು ಇದೇ. ಬಿಸಿಗೆ ಮಡಿಕೆ ಬಿಚ್ಚಿ, ಒಂದಕ್ಕೊಂದು ಸಿಕ್ಕಿಕೊಂಡು, ಮತ್ತೆ ನೀರಾಗದ ಮುದ್ದೆ.

ಚಾಪರೋನುಗಳು ಇದನ್ನು ತಡೆಯುವ ಪ್ರೋಟೀನುಗಳು. ಎಲ್ಲವೂ ಒಂದೇ ಥರ ಕೆಲಸ ಮಾಡುವುದಿಲ್ಲ. ಎಚ್‌ಎಸ್‌ಪಿ70 ಅನ್ನೋದು ಇನ್ನೂ ಮಡಚಿಕೊಳ್ಳದ ದಾರದ ಆ ಅಂಟು ಜಾಗವನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಅಂಟಿಕೊಳ್ಳದಂತೆ ಕಾಯುತ್ತದೆ. ಪ್ರತಿ ಸಲ ಹಿಡಿದು ಬಿಡುವುದಕ್ಕೂ ಎಟಿಪಿ ಖರ್ಚು, ಅಂದರೆ ನಾವು ತಿಂದ ಅನ್ನದ ಶಕ್ತಿ. ಎಚ್‌ಎಸ್‌ಪಿ60 ಗುಂಪಿನದು ಇನ್ನೂ ಚೆಂದ. ಬ್ಯಾಕ್ಟೀರಿಯಾದಲ್ಲಿ ಅದನ್ನು ಗ್ರೋಇಎಲ್ ಅಂತಾರೆ. ಏಳು ತುಂಡಿನ ಬಳೆ ಒಂದು, ಬೆನ್ನಿಗೆ ಬೆನ್ನು ಕೊಟ್ಟು ಇನ್ನೊಂದು, ಒಟ್ಟು ಹದಿನಾಲ್ಕು. ಮಧ್ಯೆ ಟೊಳ್ಳು. ಮಡಚಿಕೊಳ್ಳಬೇಕಾದ ಪ್ರೋಟೀನು ಒಳಗೆ ಹೋದ ಮೇಲೆ ಮೇಲಿಂದ ಗ್ರೋಇಎಸ್ ಅನ್ನೋ ಮುಚ್ಚಳ ಬೀಳುತ್ತದೆ. ಕೆಲವು ಸೆಕೆಂಡು ಅದು ಒಳಗೆ ಒಂಟಿ, ಯಾರ ಕಾಟವೂ ಇಲ್ಲ. ಮುಚ್ಚಳ ತೆರೆದಾಗ ಮಡಚಿಕೊಂಡಿದ್ದರೆ ಹೊರಗೆ, ಇಲ್ಲದಿದ್ದರೆ ಇನ್ನೊಂದು ಸುತ್ತು. ಈ ಕೆಲಸ ಬಿಡಿಸಿದ ಆರ್ಥರ್ ಹಾರ್ವಿಚ್ ಮತ್ತು ಫ್ರಾಂಜ್-ಉಲ್ರಿಚ್ ಹಾರ್ಟ್ಲ್ ಅವರಿಗೆ 2011ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ಎಚ್‌ಎಸ್‌ಪಿ ಅಂದರೆ ಹೀಟ್ ಶಾಕ್ ಪ್ರೋಟೀನ್. ಇಟಲಿಯ ಫೆರುಚಿಯೊ ರಿಟೋಸಾ ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಲ್ಯಾಬಿನಲ್ಲಿ ಯಾರೋ ಇನ್‌ಕ್ಯುಬೇಟರ್ ಬಿಸಿ ಏರಿಸಿಬಿಟ್ಟಿದ್ದರು. ನೊಣದ ಮರಿಹುಳುವಿನ ಜೊಲ್ಲು ಗ್ರಂಥಿಯ ಕ್ರೋಮೋಸೋಮಿನಲ್ಲಿ ಹೊಸ ಉಬ್ಬುಗಳು ಕಂಡವು, ಅಂದರೆ ಬಿಸಿಗೆ ಕೆಲವು ಜೀನುಗಳು ಎದ್ದು ಕೂತಿದ್ದವು. ಅದು ಪ್ರಕಟವಾಗಿದ್ದು 1962ರಲ್ಲಿ. ಆ ಜೀನುಗಳಿಂದ ಬರುವ ಪ್ರೋಟೀನು ಯಾವುದು ಅಂತ ಕಂಡಿದ್ದು 1974ರಲ್ಲಿ. ಹೆಸರಿನಲ್ಲಿ ಬಿಸಿ ಇದೆ ಅಂತ ಬಿಸಿಲಿಗೆ ಮಾತ್ರ ಕಾಯುತ್ತಾ ಕೂತಿರುತ್ತವೆ ಅಂದುಕೊಳ್ಳಬೇಡಿ. ನೀವು ಇದನ್ನು ಓದುವಾಗಲೂ ನಿಮ್ಮ ಪ್ರತಿ ಕೋಶದಲ್ಲಿ ಅವು ದುಡಿಯುತ್ತಿವೆ. "ಮಲಗಿರುವ ಚಾಪರೋನ್" ಅನ್ನುವ ಮಾತೇ ತಪ್ಪು.

ಪಾರ್ಕಿನ್ಸನ್ ಸಂಬಂಧ ಕೇಳಿದಿರಿ. ಆಲ್ಫಾ-ಸಿನ್ಯೂಕ್ಲಿನ್ ಅಂತ 140 ಅಮೈನೋ ಆಮ್ಲದ ಒಂದು ಸಣ್ಣ ಪ್ರೋಟೀನು ಇದೆ. ಪಾರ್ಕಿನ್ಸನ್‌ನಲ್ಲಿ ಅದು ಒಂದಕ್ಕೊಂದು ಅಂಟಿ ಮಿದುಳಿನ ಕೋಶದಲ್ಲಿ ಗಂಟಾಗುತ್ತದೆ. 1912ರಲ್ಲಿ ಫ್ರೆಡ್ರಿಕ್ ಲೆವಿ ವಿವರಿಸಿದ ಆ ಗಂಟುಗಳನ್ನು ಲೆವಿ ಬಾಡಿ ಅಂತಾರೆ. ಅದರೊಳಗೆ ಚಾಪರೋನುಗಳೂ ಸಿಕ್ಕಿಹಾಕಿಕೊಂಡಿರುವುದು ಕಂಡಿದೆ. ಬಿಡಿಸಲು ಹೋಗಿ ತಾವೇ ಸಿಕ್ಕಿಕೊಂಡವು ಅಂತ ಕಾಣುತ್ತದೆ. 2002ರಲ್ಲಿ ನೊಣಗಳ ಮೇಲೆ ಒಂದು ಪ್ರಯೋಗ ಆಯಿತು. ಮನುಷ್ಯರ ಆಲ್ಫಾ-ಸಿನ್ಯೂಕ್ಲಿನ್ ಹಾಕಿದ ನೊಣಗಳ ಡೋಪಮೈನ್ ಕೋಶಗಳು (ಪಾರ್ಕಿನ್ಸನ್‌ನಲ್ಲಿ ಸಾಯುವುದೂ ಇದೇ ಥರದ ನರಕೋಶ) ಸಾಯುತ್ತಿದ್ದವು, ಜೊತೆಗೆ ಎಚ್‌ಎಸ್‌ಪಿ70 ಜಾಸ್ತಿ ಮಾಡಿದಾಗ ಉಳಿದುಕೊಂಡವು. ವಯಸ್ಸಾಗುತ್ತಾ ಈ ಕಾವಲು ವ್ಯವಸ್ಥೆ ಸಡಿಲ ಆಗುವುದೂ ನಿಜ. ಆಲ್ಝೈಮರ್, ಹಂಟಿಂಗ್ಟನ್ ಕಾಯಿಲೆಗಳಲ್ಲೂ ಕಥೆ ಹೀಗೇ, ಗಂಟಾಗುವ ಪ್ರೋಟೀನು ಮಾತ್ರ ಬೇರೆ. ಮಾರುವವರು ಕಿತ್ತುಕೊಂಡ ತುಂಡು ಇದೇ ಇರಬೇಕು. ನೊಣಕ್ಕೆ ಜೀನ್ ಸೇರಿಸಿ ಮಾಡಿದ್ದನ್ನು ಹಾಲಿಗೆ ಎರಡು ಚಮಚ ಹಾಕಿ ಮಾಡುತ್ತೇವೆ ಅಂತಾರೆ. ಧೈರ್ಯ ಮೆಚ್ಚಬೇಕು.

—

ರೇಷ್ಮೆಗೂಡು (ಮಳವಳ್ಳಿ ಕಡೆ)

ಹೀಟ್ ಶಾಕ್ ಅಂದಿದ್ದಕ್ಕೆ ಬಂದೆ. ನಮ್ಮದು ಹುಳು ಸಾಕಣೆ. ಈ ಮಾತನ್ನು ನಾನು ಕೇಳಿದ್ದು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ, ತರಬೇತಿಗೆ ಹೋಗಿದ್ದಾಗ.

ಮೈಸೂರು ತಳಿ ನಮ್ಮ ಬಿಸಿಲು ತಡೆಯುತ್ತದೆ, ದೊಡ್ಡ ಗೂಡಿನ ಬೈವೋಲ್ಟೈನ್ ತಳಿ ತಡೆಯುವುದಿಲ್ಲ, ಅದು ಸಾಕುವವರಿಗೆಲ್ಲ ಗೊತ್ತು. ನಾಲ್ಕನೇ ಜ್ವರ ಎದ್ದ (ನಾಲ್ಕನೇ ಸಲ ಪೊರೆ ಕಳಚಿದ) ಹುಳುವಿಗೆ 24, 25 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ ನಮ್ಮ ಶೀಟಿನ ಮನೆ ಮಧ್ಯಾಹ್ನ ಎರಡು ಗಂಟೆಗೆ 36 ದಾಟುತ್ತದೆ. ಆಗ ಬೈವೋಲ್ಟೈನ್ ಹುಳು ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಹಾಗೇ ನಿಲ್ಲುತ್ತದೆ. ಹಾಕಿದ ಸೊಪ್ಪು ಮೇಲೆಯೇ ಬಾಡಿ ಸುರುಳಿಕೊಳ್ಳುತ್ತದೆ. ಸಂಜೆ ಹೊತ್ತಿಗೆ ಕೆಲವು ಮೆತ್ತಗಾಗಿ ಬಾಯಲ್ಲಿ ನೀರು ಬಿಟ್ಟಿರುತ್ತವೆ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ನೆಲಕ್ಕೆ ನೀರು ಹೊಡೆದು, ಶೀಟಿನ ಮೇಲೆ ತೆಂಗಿನ ಗರಿ ಹಾಕಿ ಹೇಗೋ ಬೆಳೆ ತೆಗೆಯುತ್ತೇವೆ. ಮೈಸೂರು ತಳಿ ಅದೇ ಮನೆಯಲ್ಲಿ ಸೊಪ್ಪು ತಿನ್ನುತ್ತಲೇ ಇರುತ್ತದೆ. ಆದರೆ ಅದರ ಗೂಡು ಸಣ್ಣದು, ನೂಲು ಕಮ್ಮಿ. ಅದಕ್ಕೇ ಎರಡನ್ನೂ ಸೇರಿಸಿದ ಸಿ.ಬಿ. ಗೂಡು ನಾವು ಜಾಸ್ತಿ ಬೆಳೆಯುವುದು.

ತರಬೇತಿಯಲ್ಲಿ ಹೇಳಿದ್ದು, ಬಿಸಿ ತಾಗಿದಾಗ ಹುಳು ಈ ಹೀಟ್ ಶಾಕ್ ಪ್ರೋಟೀನು ಮಾಡಿಕೊಳ್ಳುತ್ತದೆ, ತಳಿಯಿಂದ ತಳಿಗೆ ಅದರಲ್ಲಿ ವ್ಯತ್ಯಾಸ ಇದೆ ಅಂತ. ಪಿಪೆಟ್ ಸರ್, ಹಾಗಾದರೆ ಮನುಷ್ಯರಿಗೂ ಬಿಸಿ ನೀರಿನ ಸ್ನಾನ ಕೆಲಸ ಮಾಡಬೇಕಲ್ವಾ? ಪುಡಿ ಬಿಡಿ, ಸ್ನಾನಕ್ಕೆ ಕಾಸು ಖರ್ಚಿಲ್ಲ.

—

ಪಿಪೆಟ್ (ಮೈಸೂರು)

ಒಳ್ಳೆ ಪ್ರಶ್ನೆ. ರೇಷ್ಮೆ ಹುಳುವಿಗೆ ತನ್ನದೇ ಮೈಬಿಸಿ ಕಾಯ್ದುಕೊಳ್ಳುವ ಶಕ್ತಿ ಇಲ್ಲ. ಮನೆ 36 ಆದರೆ ಹುಳುವಿನ ಒಳಗೂ ಹೆಚ್ಚು ಕಡಿಮೆ ಅಷ್ಟೇ. ನಮ್ಮದು ಹಾಗಲ್ಲ. ಬಿಸಿ ನೀರು ಹುಯ್ದುಕೊಂಡರೆ ಚರ್ಮ ಕೆಂಪಾಗುತ್ತದೆ, ಬೆವರುತ್ತದೆ, ಒಳಗಿನ ಬಿಸಿಯನ್ನು ದೇಹ 37ರ ಹತ್ತಿರವೇ ಹಿಡಿದುಕೊಳ್ಳುತ್ತದೆ. ತೊಟ್ಟಿಯಲ್ಲಿ ತುಂಬಾ ಹೊತ್ತು ಮುಳುಗಿ ಕೂತು ಮೈಬಿಸಿ ಏರಿಸಿಕೊಂಡವರ ರಕ್ತದಲ್ಲಿ ಎಚ್‌ಎಸ್‌ಪಿ70 ಅಳೆದವರಿದ್ದಾರೆ, ಏರಿದ್ದೂ ಉಂಟು. ವ್ಯಾಯಾಮ ಮಾಡಿದರೂ ಸ್ನಾಯುವಿನಲ್ಲಿ ಏರುತ್ತದೆ. ಆದರೆ ರಕ್ತದಲ್ಲಿ ಏರಿತು ಅನ್ನೋದಕ್ಕೂ, ಮಿದುಳಿನ ಒಳಗಿನ ಗಂಟು ಕರಗಿತು ಅನ್ನೋದಕ್ಕೂ ನಡುವೆ ಬಹಳ ದೂರ. ಬಿಸಿ ನೀರಿನಿಂದ ಪಾರ್ಕಿನ್ಸನ್ ತಿರುಗಿದ್ದಕ್ಕೆ ಪುರಾವೆ ಇಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನೋದು ನೆನಪಾಗುತ್ತದೆ.

ಇನ್ನೊಂದು ವಿಷಯ. ಪಾರ್ಕಿನ್ಸನ್ ಇರುವವರಿಗೆ ಕೂತಲ್ಲಿಂದ ಎದ್ದಾಗ ಬಿಪಿ ಇಳಿಯುವ ತೊಂದರೆ ಸಾಮಾನ್ಯ. ಬಿಸಿ ನೀರು ರಕ್ತನಾಳಗಳನ್ನು ಇನ್ನೂ ಹಿಗ್ಗಿಸುತ್ತದೆ. ಬಚ್ಚಲಲ್ಲಿ ತಲೆ ತಿರುಗಿ ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ. ಕಬ್ಬಿನಗದ್ದೆ ಅವರೇ, ಉಗುರು ಬೆಚ್ಚಗಿನ ನೀರು ಸಾಕು, ಕೂರಲು ಒಂದು ಸ್ಟೂಲ್ ಹಾಕಿ, ಎಣ್ಣೆ ಜಿಡ್ಡು ಇರುವ ನೆಲ ತಿಕ್ಕಿಸಿ.

—

ಮಾತ್ರೆ_ಸ್ಟ್ರಿಪ್ (ಮೈಸೂರು, ಅಗ್ರಹಾರ)

ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಕಬ್ಬಿನಗದ್ದೆ ಅವರೇ, ಬೇರೆ ಎಲ್ಲ ಆಮೇಲೆ. ಮೊದಲು ಆ ಡಬ್ಬ ತಿರುಗಿಸಿ ಹಿಂದೆ ಏನು ಬರೆದಿದ್ದಾರೆ ಓದಿ. ನಸುಗುನ್ನಿ ಬೀಜ ಇದೆಯಾ ನೋಡಿ. ಕಪಿಕಚ್ಚು, ಆತ್ಮಗುಪ್ತ, ಕೌಂಚ್, ಮ್ಯೂಕುನಾ, ಇವುಗಳಲ್ಲಿ ಯಾವುದಿದ್ದರೂ ಅದು ಅದೇ.

ಯಾಕೆ ಕೇಳಿದೆ ಅಂದರೆ, ನೀವು ಬರೆದ ಲಕ್ಷಣ ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ. ಬೆಳಿಗ್ಗೆ ಬೇಗ ಚುರುಕು, ಮಾತ್ರೆ ಪೂರ್ತಿ ಏರಿದ ಹೊತ್ತಿಗೆ ಮೈ ತಾನಾಗಿ ಓಲಾಡುವುದು. ಲೆವೊಡೋಪಾ ಜಾಸ್ತಿ ಆದವರಲ್ಲಿ ಕಾಣುವುದು ಹೀಗೇ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ತಾನಾಗಿಯೇ ಇದೆ. ಇದೇನು ಹೊಸ ಸುದ್ದಿ ಅಲ್ಲ, 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅನ್ನುವ ನಮ್ಮ ದೇಶದ ವಿಜ್ಞಾನಿಗಳು ಆ ಬೀಜದಿಂದ ಅದನ್ನು ಬೇರ್ಪಡಿಸಿದ್ದರು.

—

ಕಬ್ಬಿನಗದ್ದೆ (ಮಂಡ್ಯ)

ಅಣ್ಣ, ಓದಿದೆ. ಹಿಂದೆ ಬಾರ್‌ಕೋಡ್ ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಬೇಕಾಯಿತು. ಅಶ್ವಗಂಧ, ಕಪಿಕಚ್ಚು ಬೀಜ, ಅರಿಶಿನ, ಸೋಯಾ ಪ್ರೋಟೀನ್, ಕರಿಮೆಣಸು. ಯಾವುದು ಎಷ್ಟು ಅಂತ ಇಲ್ಲ. ಚಾಪರೋನ್ ಅಂತ ಮುಂದೆ ಇಷ್ಟು ದಪ್ಪ ಬರೆದಿದ್ದಾರೆ, ಹಿಂದೆ ಎಲ್ಲೂ ಇಲ್ಲ.

ಅಂದರೆ ಅಪ್ಪ ಚುರುಕಾಗಿದ್ದು ನಿಜ, ಆದರೆ ಅದು ಚಾಪರೋನಿಂದ ಅಲ್ಲ?

—

ಮಾತ್ರೆ_ಸ್ಟ್ರಿಪ್ (ಮೈಸೂರು, ಅಗ್ರಹಾರ)

ಹಾಗೇ ಕಾಣುತ್ತದೆ. ಮಾತ್ರೆಯಲ್ಲಿ ಇರುವುದನ್ನೇ ಅಳತೆ ಇಲ್ಲದೆ ಮೇಲಿಂದ ಕೊಟ್ಟ ಹಾಗಾಗಿದೆ. ಅದಕ್ಕೇ ಅಂಗಿ ಗುಂಡಿ ಹಾಕಿಕೊಂಡರು, ಅದಕ್ಕೇ ಕುತ್ತಿಗೆಯೂ ಓಲಾಡಿತು. ಬೀಜದಲ್ಲಿ ಎಷ್ಟಿದೆ ಅನ್ನೋದು ಗಿಡದಿಂದ ಗಿಡಕ್ಕೆ ಬೇರೆ, ಹಾಗಾಗಿ ಎರಡು ಚಮಚ ಅಂದರೆ ಎಷ್ಟು ಔಷಧಿ ಅಂತ ಡಾಕ್ಟರಿಗೂ ಲೆಕ್ಕ ಸಿಗುವುದಿಲ್ಲ.

ಅದರಲ್ಲಿರುವ ಸೋಯಾ ಪ್ರೋಟೀನ್ ಇನ್ನೊಂದು ತರಲೆ. ಲೆವೊಡೋಪಾ ಕರುಳಿನಿಂದ ರಕ್ತಕ್ಕೆ ಹೋಗುವ ದಾರಿ ಮತ್ತು ಪ್ರೋಟೀನು ಜೀರ್ಣವಾಗಿ ಬರುವ ಅಮೈನೋ ಆಮ್ಲಗಳ ದಾರಿ ಒಂದೇ. ಮಾತ್ರೆ ಜೊತೆಗೇ ಹಾಲು, ಸೋಯಾ, ಮೊಟ್ಟೆ ಹೋದರೆ ಮಾತ್ರೆ ಹಿಂದೆ ಬೀಳುತ್ತದೆ. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಿ ಅಂತ ನಾವು ಚೀಟಿಯಲ್ಲಿ ಬರೆದುಕೊಡುವುದು. ಒಂದು ಪುಡಿಯಲ್ಲಿ ಔಷಧಿ ಏರಿಸುವುದೂ ಇದೆ, ಇಳಿಸುವುದೂ ಇದೆ. ಯಾವ ದಿನ ಯಾವುದು ಗೆಲ್ಲುತ್ತದೋ ದೇವರೇ ಬಲ್ಲ.

ಹಾಗಂತ ಮಾತ್ರೆಗೆ ನೀವೇ ಕೈ ಹಾಕಬೇಡಿ. ಲೆವೊಡೋಪಾವನ್ನು ದಿಢೀರ್ ನಿಲ್ಲಿಸುವುದು ಅಪಾಯ. ಪುಡಿ ಹೇಗೆ ನಿಲ್ಲಿಸಬೇಕು, ಒಂದೇ ಸಲಕ್ಕಾ, ಮಾತ್ರೆ ಅಳತೆ ಬದಲಿಸಬೇಕಾ ಅನ್ನೋದನ್ನೂ ಡಾಕ್ಟರ್ ಬಾಯಿಂದಲೇ ಕೇಳಿ. ಇವತ್ತೇ.

—

ಕುಕ್ಕರಹಳ್ಳಿ_ವಾಕರ್ (ಮೈಸೂರು)

ಪುಡಿ ಕಥೆ ಸರಿ. ನನ್ನ ಅನುಮಾನ ಬೇರೆ. ಚಾಪರೋನ್ ಅಷ್ಟು ಮುಖ್ಯ ಆದರೆ, ನೊಣದಲ್ಲಿ ಕೆಲಸ ಮಾಡಿ ಇಪ್ಪತ್ತು ವರ್ಷದ ಮೇಲಾಯಿತು ಅಂದರೆ, ದೊಡ್ಡ ಕಂಪನಿಗಳು ಯಾಕೆ ಮಾತ್ರೆ ಮಾಡಿಲ್ಲ? ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಅದೂ ಪ್ರೋಟೀನು ಗಂಟಾಗುವುದೇ ಅಂತ ಎಲ್ಲೋ ಓದಿದೆ. ಅಲ್ಲೂ ಲೇಸರು, ಕತ್ತರಿ, ಲೆನ್ಸು ಅಂತಾರೆಯೇ ಹೊರತು ಚಾಪರೋನ್ ಹನಿ ಹಾಕಿ ಅನ್ನೋರು ಯಾರೂ ಸಿಗಲಿಲ್ಲ. ಇದೆಲ್ಲ ಸುಮ್ನೆ ಪೇಪರಿನಲ್ಲಿ ಚೆಂದ ಇರುವ ವಿಜ್ಞಾನ ಅಲ್ವಾ?

—

ಪಿಪೆಟ್ (ಮೈಸೂರು)

ಕಣ್ಣಿನ ವಿಷಯ ಸರಿಯಾಗಿಯೇ ಓದಿದ್ದೀರಿ. ಲೆನ್ಸಿನಲ್ಲಿ ಆಲ್ಫಾ-ಕ್ರಿಸ್ಟಲಿನ್ ಅಂತ ಪ್ರೋಟೀನು ತುಂಬಿಕೊಂಡಿದೆ, ಅದು ಚಾಪರೋನಿನ ಕೆಲಸ ಮಾಡುತ್ತದೆ ಅಂತ 1992ರಲ್ಲಿ ಜೋಸೆಫ್ ಹಾರ್ವಿಟ್ಜ್ ತೋರಿಸಿದರು. ಲೆನ್ಸಿನ ನಡುಭಾಗದ ಕೋಶಗಳಲ್ಲಿ ನ್ಯೂಕ್ಲಿಯಸ್ ಇಲ್ಲ, ಹೊಸ ಪ್ರೋಟೀನು ಮಾಡಿಕೊಳ್ಳಲು ಬರುವುದಿಲ್ಲ. ಅಂದರೆ ನಿಮ್ಮ ಅಮ್ಮನ ಕಣ್ಣಿನ ನಡುಭಾಗದಲ್ಲಿ ಇದ್ದದ್ದು ಅವರು ಹುಟ್ಟುವ ಮೊದಲೇ ತಯಾರಾದ ಪ್ರೋಟೀನು. ಬಿಸಿಲು, ಸಕ್ಕರೆ, ವಯಸ್ಸು ಎಲ್ಲ ಸೇರಿ ಪಕ್ಕದ ಪ್ರೋಟೀನುಗಳು ಬಿಚ್ಚಿಕೊಳ್ಳುತ್ತಾ ಹೋದ ಹಾಗೆ ಆಲ್ಫಾ-ಕ್ರಿಸ್ಟಲಿನ್ ಒಂದೊಂದನ್ನೇ ಹಿಡಿದುಕೊಂಡು ಮುದ್ದೆಯಾಗದಂತೆ ಕಾಯುತ್ತದೆ. ಒಂದು ದಿನ ಕಾಯುವ ಕೈಗಳೇ ಖಾಲಿ. ಆಮೇಲೆ ಪೊರೆ. ಆಪರೇಷನ್ ಅಷ್ಟು ಸಲೀಸಾಗಿ ಆಗುವಾಗ ಹನಿಗೆ ಕಾಯುವುದು ಯಾಕೆ, ಮಾಡಿಸಿದ್ದು ಒಳ್ಳೆಯದೇ ಆಯಿತು.

ಮಾತ್ರೆ ಯಾಕಿಲ್ಲ ಅನ್ನೋದಕ್ಕೆ ಒಂದು ದೊಡ್ಡ ಕಾರಣ ಕ್ಯಾನ್ಸರ್. ಕ್ಯಾನ್ಸರ್ ಕೋಶ ಅವಸರದಲ್ಲಿ ಬೆಳೆಯುತ್ತದೆ, ಅದರ ಪ್ರೋಟೀನುಗಳಲ್ಲಿ ತಪ್ಪು ಜಾಸ್ತಿ, ಹಾಗಾಗಿ ಚಾಪರೋನುಗಳನ್ನು ನಂಬಿಕೊಂಡೇ ಅದು ಬದುಕುವುದು. ಬಿಸಿ ತಾಗಿದಾಗ ಚಾಪರೋನ್ ಜೀನುಗಳನ್ನು ಎಬ್ಬಿಸುವ ಎಚ್‌ಎಸ್‌ಎಫ್1 ಅನ್ನೋ ಪ್ರೋಟೀನು ಇಲ್ಲದ ಇಲಿಗಳಲ್ಲಿ ಗೆಡ್ಡೆ ಬರುವುದೇ ಕಡಿಮೆ ಅಂತ 2007ರಲ್ಲಿ ಸೂಸನ್ ಲಿಂಡ್‌ಕ್ವಿಸ್ಟ್ ಅವರ ಲ್ಯಾಬಿನಿಂದ ಬಂದ ಕೆಲಸ ತೋರಿಸಿತು. ನರಕೋಶವನ್ನು ಉಳಿಸುವುದೇ ಗೆಡ್ಡೆಯನ್ನೂ ಸಾಕುತ್ತದೆ. ಹಾಗಾಗಿ ಕ್ಯಾನ್ಸರ್ ಸಂಶೋಧಕರು ಉಲ್ಟಾ ದಾರಿ ಹಿಡಿದರು, ಚಾಪರೋನನ್ನು ತಡೆಯುವ ಔಷಧಿ ಹುಡುಕಿದರು. ಎಚ್‌ಎಸ್‌ಪಿ90 ಅನ್ನೋ ಚಾಪರೋನನ್ನು ತಡೆಯುವವು ವರ್ಷಗಟ್ಟಲೆ ಪ್ರಯೋಗದಲ್ಲಿ ಸೋತವು, ಯಾಕೆಂದರೆ ಒಳ್ಳೆಯ ಕೋಶಕ್ಕೂ ಎಚ್‌ಎಸ್‌ಪಿ90 ಬೇಕು. ಕೊನೆಗೆ ಪಿಮಿಟೆಸ್ಪಿಬ್ ಅನ್ನೋ ಒಂದಕ್ಕೆ ಜಪಾನಿನಲ್ಲಿ 2022ರಲ್ಲಿ, ಹೊಟ್ಟೆ-ಕರುಳಿನ ಒಂದು ಥರದ ಗೆಡ್ಡೆಗೆ, ಒಪ್ಪಿಗೆ ಸಿಕ್ಕಿತು.

ಹೀಗಿರುವಾಗ "ಇಡೀ ದೇಹದ ಚಾಪರೋನ್ ಏರಿಸುತ್ತೇವೆ" ಅಂತ ಯಾರಾದರೂ ಹೇಳಿದರೆ, ಅದು ಸುಳ್ಳಾಗಿದ್ದರೆ ದುಡ್ಡು ದಂಡ, ನಿಜವಾಗಿದ್ದರೆ ಇನ್ನೂ ಹೆದರಬೇಕು. ಎಲ್ಲಿ, ಎಷ್ಟು, ಯಾರಿಗೆ ಅನ್ನೋದು ಗೊತ್ತಿಲ್ಲದೆ ಏರಿಸುವಂಥದ್ದಲ್ಲ ಇದು.

ಏರಿಸುವ ಔಷಧಿಯನ್ನೂ ಪ್ರಯತ್ನಿಸಿದ್ದಾರೆ. ಅರಿಮೊಕ್ಲೊಮಾಲ್ ಅಂತ ಒಂದಿದೆ, ಒತ್ತಡದಲ್ಲಿರುವ ಕೋಶದಲ್ಲಿ ಹೀಟ್ ಶಾಕ್ ಪ್ರತಿಕ್ರಿಯೆಗೆ ಒತ್ತಾಸೆ ಕೊಡಬಹುದು ಅನ್ನೋ ಲೆಕ್ಕ. ಎಎಲ್‌ಎಸ್ ಅನ್ನುವ ನರರೋಗದಲ್ಲಿ ಅದು ಸೋತಿತು. ನೀಮನ್-ಪಿಕ್ ಸಿ ಅನ್ನುವ ಅಪರೂಪದ ಕಾಯಿಲೆಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ನಿಜವಾಗಿ ಗೆದ್ದಿರುವುದು ಇನ್ನೊಂದು ದಾರಿ. ದೇಹದ ಚಾಪರೋನಿಗೆ ಕೈ ಹಾಕದೆ, ಮಡಚಿಕೊಳ್ಳಲು ಒದ್ದಾಡುವ ಒಂದೇ ಒಂದು ಪ್ರೋಟೀನಿಗೆ ಹೋಗಿ ಕೂತು ಅದನ್ನು ನೆಟ್ಟಗೆ ಹಿಡಿಯುವ ಸಣ್ಣ ಅಣು. ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ, ಶ್ವಾಸಕೋಶ ಕೆಡಿಸುವ ಹುಟ್ಟು ಕಾಯಿಲೆ ನೋಡಿ. ಸಿಎಫ್‌ಟಿಆರ್ ಅನ್ನುವ ಪ್ರೋಟೀನಿನಲ್ಲಿ, ಹೆಚ್ಚಿನ ರೋಗಿಗಳಲ್ಲಿ, 508ನೇ ಜಾಗದ ಒಂದು ಅಮೈನೋ ಆಮ್ಲ ಇಲ್ಲ, ಅಷ್ಟೇ ತಪ್ಪು. ಅದು ಕೋಶದ ಅಂಚಿಗೆ ತಲುಪಿದರೆ ಅಷ್ಟಿಷ್ಟು ಕೆಲಸ ಮಾಡಬಲ್ಲದು. ಆದರೆ ಮಡಿಕೆ ಸರಿ ಇಲ್ಲ ಅಂತ ಚಾಪರೋನುಗಳು ಒಳಗೇ ತಡೆದು ಚೂರು ಮಾಡಲು ಕಳಿಸಿಬಿಡುತ್ತವೆ. ಇಲ್ಲಿ ಚಾಪರೋನ್ ಕಮ್ಮಿ ಆಗಿದ್ದಲ್ಲ ತೊಂದರೆ, ಅದರ ಕಟ್ಟುನಿಟ್ಟೇ ಜಾಸ್ತಿ ಆಯಿತು. 2019ರಲ್ಲಿ ಬಂದ ಮೂರು ಔಷಧಿಗಳ ಜೋಡಣೆಯಲ್ಲಿ ಎಲೆಕ್ಸಾಕಾಫ್ಟರ್, ಟೆಝಾಕಾಫ್ಟರ್ ಎರಡೂ ಆ ಪ್ರೋಟೀನಿನ ಮಡಿಕೆ ಸರಿಮಾಡಿ ಅಂಚಿಗೆ ದಾಟಿಸುತ್ತವೆ, ಮೂರನೆಯದು ಐವಾಕಾಫ್ಟರ್ ಅದರ ಬಾಗಿಲು ತೆರೆಸುತ್ತದೆ. ಉಸಿರಾಡಲು ಒದ್ದಾಡುತ್ತಿದ್ದ ಮಕ್ಕಳ ಬದುಕು ಬದಲಾಯಿತು. ಬೆಲೆ ಮಾತ್ರ ನಮ್ಮಂಥವರು ಕೇಳುವ ಹಾಗಿಲ್ಲ. ಫ್ಯಾಬ್ರಿ ಕಾಯಿಲೆಗೆ ಮಿಗಲಾಸ್ಟಾಟ್, ಹೃದಯದಲ್ಲಿ ಟ್ರಾನ್ಸ್‌ಥೈರೆಟಿನ್ ಅನ್ನೋ ಪ್ರೋಟೀನು ಗಂಟಾಗುವ ಕಾಯಿಲೆಗೆ ಟಫಾಮಿಡಿಸ್, ಇವೂ ಇದೇ ಜಾತಿ. ಪೇಪರಿನಲ್ಲಿ ಮಾತ್ರ ಚೆಂದ ಇರುವ ವಿಜ್ಞಾನ ಅನ್ನೋ ಮಾತನ್ನು ಹಾಗಾಗಿ ನಾನು ಒಪ್ಪುವುದಿಲ್ಲ ಸರ್.

—

ಮಾತ್ರೆ_ಸ್ಟ್ರಿಪ್ (ಮೈಸೂರು, ಅಗ್ರಹಾರ)

ಪಿಪೆಟ್ ಸರ್ ಹೇಳಿದ ಜಾತಿಯಲ್ಲೇ ಇನ್ನೊಂದು ಇದೆ, ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸುವ ಮೊದಲು ನಾನೇ ಹೇಳಿಬಿಡುತ್ತೇನೆ. ಆಂಬ್ರಾಕ್ಸಾಲ್. ಹೌದು, ಕೆಮ್ಮಿನ ಸಿರಪ್‌ನಲ್ಲಿ ಇರುವುದೇ. ಜಿಬಿಎ1 ಅನ್ನೋ ಜೀನಿನಲ್ಲಿ ತಪ್ಪಿದ್ದರೆ ಪಾರ್ಕಿನ್ಸನ್ ಬರುವ ಸಾಧ್ಯತೆ ಜಾಸ್ತಿ. ಆ ಜೀನಿನಿಂದ ಬರುವ ಕಿಣ್ವವನ್ನು ಆಂಬ್ರಾಕ್ಸಾಲ್ ಹಿಡಿದು ಸರಿಯಾಗಿ ಮಡಚಿಕೊಳ್ಳಲು ನೆರವಾಗುತ್ತದೆ. ಇದು ಪಾರ್ಕಿನ್ಸನ್‌ಗೆ ಆಗುತ್ತದಾ ಅಂತ ಬ್ರಿಟನ್ನಿನಲ್ಲಿ ದೊಡ್ಡ ಪ್ರಯೋಗಕ್ಕೆ ಕೈ ಹಾಕಿದ್ದಾರೆ. ಆದರೆ ಲಂಡನ್ನಿನ ಮೊದಲ ಸಣ್ಣ ಪ್ರಯೋಗದಲ್ಲೇ ಕೊಟ್ಟಿದ್ದು ದಿನಕ್ಕೆ 1,260 ಮಿಲಿಗ್ರಾಂ. ನಮ್ಮ ಅಂಗಡಿಯ ಕೆಮ್ಮಿನ ಮಾತ್ರೆ 30. ಆ ಅಳತೆ ಮುಟ್ಟಲು ಒಂದು ದಿನಕ್ಕೆ 42 ಮಾತ್ರೆ ಬೇಕು. ಸಿರಪ್‌ನಲ್ಲಿ ಜೊತೆಗೆ ಬೇರೆ ಔಷಧಿಯೂ ಬೆರೆಸಿರುತ್ತಾರೆ, ಬಾಟಲಿಗಟ್ಟಲೆ ಕುಡಿದರೆ ಆಸ್ಪತ್ರೆಯೇ ಗತಿ. ದಯವಿಟ್ಟು ಬೇಡ.

—

ರೇಷ್ಮೆಗೂಡು (ಮಳವಳ್ಳಿ ಕಡೆ)

ಪಿಪೆಟ್ ಸರ್, ಬಿಸಿ ಕೊಟ್ಟು ಕೊಟ್ಟು ಹುಳುವನ್ನು ಪಳಗಿಸಬಹುದಾ ಅಂತ ಒಂದು ಆಸೆ ಇತ್ತು, ನಿಮ್ಮ ಕ್ಯಾನ್ಸರ್ ಮಾತು ಕೇಳಿ ಅದೂ ಸುಲಭ ಅಲ್ಲ ಅನ್ನಿಸಿತು.

—

ಪಿಪೆಟ್ (ಮೈಸೂರು)

ಹುಳುವಿಗೆ ಕ್ಯಾನ್ಸರ್ ಚಿಂತೆ ಬೇಡ, ಅದು ಗೂಡು ಕಟ್ಟಿದರೆ ಸಾಕು. ಸ್ವಲ್ಪ ಹೊತ್ತು ಹದವಾದ ಬಿಸಿ ಕಂಡ ಜೀವಿ ಮುಂದಿನ ಸಲ ಹೆಚ್ಚು ಬಿಸಿ ತಡೆಯುತ್ತದೆ ಅನ್ನೋದು ನೊಣ, ಯೀಸ್ಟ್, ಗಿಡ ಎಲ್ಲದರಲ್ಲೂ ಕಂಡ ವಿಷಯ. ಆದರೆ ಆ ತಾಕತ್ತು ಸ್ವಲ್ಪ ಕಾಲ ಮಾತ್ರ ಇರುತ್ತದೆ. ಚಾಪರೋನ್ ಮಾಡಲು ಹೋದ ಶಕ್ತಿ ರೇಷ್ಮೆಗೆ ಸಿಗುವುದಿಲ್ಲ, ಹದ ತಪ್ಪಿದರೆ ಬೆಳೆಯೇ ಹೋಗುತ್ತದೆ. ತಳಿ ಸೇರಿಸುವುದು, ಗೋಣಿಚೀಲ ಕಟ್ಟುವುದು ಇವೇ ಭರವಸೆಯ ದಾರಿ.

—

ಕಬ್ಬಿನಗದ್ದೆ (ಮಂಡ್ಯ)

ಡಾಕ್ಟರಿಗೆ ಫೋನ್ ಆಯಿತು. ಪುಡಿಯಲ್ಲಿ ಕಪಿಕಚ್ಚು ಇದೆ ಅಂದ ತಕ್ಷಣ "ಅಳತೆ ಗೊತ್ತಾ" ಅಂತ ಕೇಳಿದರು, ಇಲ್ಲ ಅಂದೆ. ಪುಡಿ ನಿಲ್ಲಿಸಿ, ಮಾತ್ರೆ ಮೊದಲಿನ ಹಾಗೇ ನಡೆಯಲಿ, ಗುರುವಾರ ಕರೆದುಕೊಂಡು ಬನ್ನಿ ಅಂದರು. ಅಪ್ಪನಿಗೆ ಬೇಸರ ಆಗಿದೆ, ಗುಂಡಿ ಹಾಕಿಕೊಳ್ಳುತ್ತಿದ್ದೆ ಅಲ್ವಾ ಅಂತಾರೆ. ಅವರಿಗೆ ಏನು ಹೇಳೋದು ಗೊತ್ತಾಗುತ್ತಿಲ್ಲ. ಮಾವ ಬೇರೆ ಮುನಿಸಿಕೊಂಡಿದ್ದಾರೆ.

—

ಮಾತ್ರೆ_ಸ್ಟ್ರಿಪ್ (ಮೈಸೂರು, ಅಗ್ರಹಾರ)

ಅಪ್ಪನಿಗೆ ಇದ್ದದ್ದು ಇದ್ದ ಹಾಗೇ ಹೇಳಿ. ಪುಡಿಯಲ್ಲಿ ಇದ್ದದ್ದು ನಿಮ್ಮ ಮಾತ್ರೆಯ ಔಷಧಿಯೇ ಅಪ್ಪ, ಬೆಳಗಿನ ಅಳತೆ ಸಾಲುತ್ತಿಲ್ಲವೇನೋ ಅನ್ನೋ ಸುಳಿವು ಅದರಿಂದ ಸಿಕ್ಕಿತು, ಡಾಕ್ಟರ್ ಸರಿಮಾಡಬಹುದು ಅನ್ನಿ. ಇದು ಸುಮ್ನೆ ಸಮಾಧಾನದ ಮಾತಲ್ಲ, ಡಾಕ್ಟರಿಗೆ ನಿಜಕ್ಕೂ ಬೇಕಾಗುವ ಮಾಹಿತಿ. ಗುರುವಾರದ ತನಕ ಒಂದು ಹಾಳೆಯಲ್ಲಿ ಬರೆದಿಡಿ: ಮಾತ್ರೆ ಎಷ್ಟು ಗಂಟೆಗೆ, ತಿಂಡಿ ಎಷ್ಟು ಗಂಟೆಗೆ, ಯಾವಾಗ ಬಿಗಿ, ಯಾವಾಗ ಸಲೀಸು, ಯಾವಾಗ ಓಲಾಟ. ಕುತ್ತಿಗೆ ಓಲಾಡುವಾಗ ಮೊಬೈಲಲ್ಲಿ ಅರ್ಧ ನಿಮಿಷ ವಿಡಿಯೋ ತೆಗೆಯಿರಿ, ಆಸ್ಪತ್ರೆಗೆ ಹೋದ ಹೊತ್ತಿಗೆ ಅದು ಕಾಣದೇ ಹೋಗಬಹುದು. ಡಬ್ಬ ಬಿಸಾಡಬೇಡಿ, ಜೊತೆಗೆ ತೆಗೆದುಕೊಂಡು ಹೋಗಿ. ಮಾವನನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಅವರ ಪ್ರಶ್ನೆ ಅವರೇ ಕೇಳಲಿ.